ನೇವಿಗೇಟರ್ ಅತ್ತೆ

ಹೊರನಾಡಿಗೆ ಹೋಗಿ ಬಂದವರನ್ನು ಕೇಳಿ ನೋಡಿ, ಎಲ್ಲರೂ ಊಟದ ಸುದ್ದಿಯನ್ನೇ ಹೇಳುತ್ತಾರೆ. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಉಂಡ ಪಾಯಸ, ಸಾಕು ಸಾಕೆಂದರೂ ಎಲೆಗೆ ಬಿದ್ದ ಅನ್ನ, ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತಾಗ ಬೆನ್ನಿಗೆ ಹತ್ತಿದ ಚಳಿ. ದಾರಿಯಲ್ಲಿ ಏನಾಯಿತು ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಕೊಟ್ಟಿಗೆಹಾರ ದಾಟುತ್ತಲೇ ಹಿಂದಿನ ಸೀಟಿನಲ್ಲಿ ಮಾತು ನಿಲ್ಲುತ್ತದೆ. ಜಾವಳಿ ಬರುವಷ್ಟರಲ್ಲಿ ನಿಂಬೆಹಣ್ಣು ಕೈಯಿಂದ ಮೂಗಿಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಯಾವುದೋ ತಿರುವಿನಲ್ಲಿ ಬಾಗಿಲು ತೆರೆಯುತ್ತದೆ. ನಮ್ಮ ಮನೆತನದಲ್ಲಿ ಒಬ್ಬೊಬ್ಬರಿಗೂ ಒಂದೊಂದು ತಿರುವು ಖಾತೆಯಾಗಿದೆ. ನನ್ನದು ಒಂದು ಮೋರಿಯ ಪಕ್ಕ. ಐವತ್ತು ದಾಟಿದ ಮೇಲೂ ಆ ಮೋರಿ ಕಂಡರೆ ನಾನು ಬೇರೆ ಕಡೆ ನೋಡುತ್ತೇನೆ.

ಹೋದ ವರ್ಷ ಜುಲೈನಲ್ಲಿ ಅತ್ತೆಯನ್ನು ನೋಡಲು ಹೊರಟಾಗ ಅವರ ಮಗ ಫೋನು ಮಾಡಿದ. ಅವನಿಗೆ ನಾನು ಭಾವ, ನನಗೆ ಅವನೂ ಭಾವ. ನಮ್ಮಿಬ್ಬರ ಮಾತು ಪಕ್ಕದಲ್ಲಿದ್ದವರಿಗೆ ಅರ್ಥವಾಗುವುದು ಕಷ್ಟ. "ಬಸ್ಸಲ್ಲಿ ಕಳಸದ ತನಕ ಬರಬೇಡ ಭಾವ, ಮೂಡಿಗೆರೆಯಲ್ಲೇ ಇಳಿ. ಮೈಲುತುತ್ತು ತಗೊಳ್ಳಿಕ್ಕೆ ಬರ್ತಾ ಇದ್ದೇನೆ, ಕಾರಲ್ಲೇ ಹೋಗುವ" ಅಂದ. ಮೂಡಿಗೆರೆ ಅಂದಮೇಲೆ ತೇಜಸ್ವಿಯವರ ಸ್ಕೂಟರನ್ನು ಒಮ್ಮೆ ಎಳೆದು ತರುವುದು ಲೇಖಕರ ಪದ್ಧತಿ. ನಾನು ಬಿಟ್ಟುಬಿಡುತ್ತೇನೆ, ಯಾಕೆಂದರೆ ಬಸ್‌ ಸ್ಟ್ಯಾಂಡಿನ ಹೊರಗೆ ನಿಂತಿದ್ದ ವಾಹನ ಅದಕ್ಕಿಂತ ದೊಡ್ಡ ಸೋಜಿಗವಾಗಿತ್ತು.

ಹೊರಗಿನಿಂದ ನೋಡಿದರೆ ಹಳೆಯ ಮಾರುತಿ ಎಸ್ಟೀಮ್, 2003ರ ಮಾಡೆಲ್ಲು. ಹಿಂದೊಮ್ಮೆ ಬಿಳಿ ಇದ್ದಿರಬೇಕು. ಬಾಗಿಲ ಮೇಲೆ 27 ಎಂಬ ಅಂಕಿಯ ಸ್ಟಿಕ್ಕರ್ ಅರ್ಧ ಕಿತ್ತು ಬಂದಿತ್ತು. ಒಳಗೆ ಇಣುಕಿದರೆ ಪಂಜರ. ಕಬ್ಬಿಣದ ಕೊಳವೆಗಳನ್ನು ಬಗ್ಗಿಸಿ, ಬೆಸುಗೆ ಹಾಕಿ, ತಲೆಯ ಮೇಲಿಂದ ಕಾಲಿನ ತನಕ ಕಟ್ಟಿದ ರೋಲ್ ಕೇಜ್. ಬಾಗಿಲು ತೆರೆದರೆ ಮೊಣಕಾಲಿನೆತ್ತರಕ್ಕೆ ಅಡ್ಡಡ್ಡ ಎರಡು ಕಂಬಿ, ದೊಡ್ಡಿಯ ಗೇಟಿನ ಹಾಗೆ. ಹಿಂದಿನ ಸೀಟು ಇಲ್ಲವೇ ಇಲ್ಲ. ಅಲ್ಲಿ ಮೈಲುತುತ್ತಿನ ಚೀಲ, ಸುಣ್ಣದ ಚೀಲ, ದೋಟಿಯ ತುಂಡು, ಅತ್ತೆಗೆಂದು ತಂದ ಎರಡು ಕಿಲೋ ಬೆಂಡೆಕಾಯಿ.

"ಎಂಥದು ಭಾವ ಇದು?"

"ಸ್ಪೋರ್ಟ್ಸ್ ಕಾರು ಮಾರಾಯ. ದಿನಾ ಓಡಿಸ್ಲಿಕ್ಕೆ ಇಟ್ಟುಕೊಂಡಿದ್ದೇನೆ."

ಕಂಬಿ ದಾಟಿ, ತೊಟ್ಟಿಲಿನಂಥ ಸೀಟಿನೊಳಗೆ ಕುಸಿದು ಕೂತೆ. ಎರಡು ಪಟ್ಟಿ ಹೆಗಲ ಮೇಲಿಂದ, ಎರಡು ಸೊಂಟದ ಬದಿಯಿಂದ ಬಂದು ಎದೆಯ ಕೆಳಗೆ ಖಟಕ್ಕೆಂದು ಕೂಡಿಕೊಂಡವು. ಕಾರು ಹೊರಟಿತು. ಕಾರ್ಪೆಟ್ಟು, ಬಾಗಿಲಿನ ಒಳಹೊದಿಕೆ, ಏಸಿ, ರೇಡಿಯೊ ಎಲ್ಲವನ್ನೂ ಭಾರ ಕಡಿಮೆಯಾಗಲೆಂದು ಎಂದೋ ಕಿತ್ತು ಹಾಕಿದ್ದರಿಂದ ರಸ್ತೆಯ ಒಂದೊಂದು ಜಲ್ಲಿಕಲ್ಲೂ ತಳದ ತಗಡಿಗೆ ಬಡಿದು ತನ್ನ ಹಾಜರಿ ಹೇಳುತ್ತಿತ್ತು. ಬಣಕಲ್ ತನಕ ನಾವಿಬ್ಬರೂ ಕೂಗಿಕೊಂಡೇ ಮಾತಾಡಿದೆವು. ಆಮೇಲೆ ಮಾತು ಬಿಟ್ಟೆವು.

ಭಾವನಿಗೆ ಈ ಹುಚ್ಚು ಹತ್ತಿದ್ದು ಕಾಫಿ ತೋಟದೊಳಗೆ. ಚಿಕ್ಕಮಗಳೂರಿನ ತೋಟಗಳ ಮಣ್ಣಿನ ರಸ್ತೆಗಳಲ್ಲಿ ರ‍್ಯಾಲಿ ಎಂಬ ಕಾರು ಪಂದ್ಯ ನಡೆಯುತ್ತದೆ. ಪಿಕಪ್ಪು, ಟ್ರ್ಯಾಕ್ಟರುಗಳು ತೆವಳುವ ದಾರಿಯಲ್ಲಿ ಆ ಒಂದು ದಿನ ಕಾರುಗಳು ಅಡ್ಡಡ್ಡ ಜಾರುತ್ತ, ಕೆಂಪು ಧೂಳೆಬ್ಬಿಸುತ್ತ ಹೋಗುತ್ತವೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ಇಲ್ಲಿ ನಡೆದಾಗ ಭಾವ ಕೆಲಸ ಬಿಟ್ಟು ಹೋಗಿ ಗಿಡಗಳ ನಡುವೆ ನಿಂತು ನೋಡಿದ್ದನಂತೆ. ಗೌರವ್ ಗಿಲ್ ಎಂಬ ದೆಹಲಿ ಹುಡುಗ ಆ ವರ್ಷ ಚಾಂಪಿಯನ್ ಆದ. ಅದಕ್ಕೆ ಮೊದಲು 2013ರಲ್ಲೂ ಆಗಿದ್ದ, 2016ರ ಮರುವರ್ಷ ಮತ್ತೆ ಆದ. 2019ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಇದೆಲ್ಲ ಭಾವನ ಬಾಯಿಪಾಠ. ಆದರೆ ಅವನ ನಿಜವಾದ ದೇವರು ಗಿಲ್ ಅಲ್ಲ, ಮೂಸಾ ಶರೀಫ್. ರಾಷ್ಟ್ರೀಯ ರ‍್ಯಾಲಿಗಳಲ್ಲಿ ಗಿಲ್ ಪಕ್ಕದಲ್ಲಿ ಕೂತು ದಾರಿ ಹೇಳಿದ, ನಮ್ಮ ಕಾಸರಗೋಡಿನ ಮೊಗ್ರಾಲ್ ಕಡೆಯವರು. "ಓಡಿಸೂದು ಯಾರು ಬೇಕಾದ್ರೂ ಓಡಿಸ್ತಾರೆ ಭಾವ. ಪಕ್ಕದಲ್ಲಿ ಕೂತು ಓದೂದುಂಟಲ್ಲ, ಅದು ವಿದ್ಯೆ" ಎನ್ನುತ್ತಾನೆ.

ವಿದ್ಯೆ ಹೌದೋ ಅಲ್ಲವೋ, ವ್ಯವಸ್ಥೆ ಮಾತ್ರ ವಿಚಿತ್ರ. ಪಂದ್ಯಕ್ಕೆ ಮೊದಲು ಇಬ್ಬರೂ ನಿಧಾನವಾಗಿ ದಾರಿಯನ್ನು ನೋಡಿಕೊಂಡು ಬಂದು, ಪ್ರತಿ ತಿರುವಿಗೂ ಎಡ ಬಲ ಎಂದು ಬರೆದು, ಎಷ್ಟು ಕಡಿದಾಗಿದೆ ಎಂಬುದಕ್ಕೆ ಒಂದು ನಂಬರ್ ಕೊಟ್ಟು, ಮುಂದಿನ ತಿರುವಿಗೆ ಎಷ್ಟು ಮೀಟರ್ ಎಂದು ಗುರುತು ಹಾಕಿಕೊಳ್ಳುತ್ತಾರೆ. ಇದಕ್ಕೆ ಪೇಸ್ ನೋಟ್ಸ್ ಎಂದು ಹೆಸರು. ಪಂದ್ಯದ ದಿನ ನೇವಿಗೇಟರ್ ಅದನ್ನು ಓದುತ್ತ ಹೋಗಬೇಕು. ಅವನ ಸೀಟನ್ನು ಡ್ರೈವರ್ ಸೀಟಿಗಿಂತ ತಗ್ಗಿಸಿ, ಹಿಂದಕ್ಕೆ ಸರಿಸಿ ಕೂರಿಸಿರುತ್ತಾರೆ, ಭಾರ ಕೆಳಗಿರಲೆಂದು. ಹಾಗಾಗಿ ದಾರಿ ಹೇಳಬೇಕಾದವನಿಗೆ ದಾರಿ ಸರಿಯಾಗಿ ಕಾಣುವುದಿಲ್ಲ. ಕಾರು ಎಲ್ಲಿದೆ ಎಂಬುದನ್ನು ಬೆನ್ನಿನಿಂದಲೇ ತಿಳಿಯಬೇಕು.

ಕಾಲ ಸರಿದು, ರ‍್ಯಾಲಿಗಳಲ್ಲಿ ಪೋಲೋಗಳು ತುಂಬಿಕೊಂಡ ಮೇಲೆ ಎಸ್ಟೀಮುಗಳು ಹಿಂದೆ ಬಿದ್ದವು. ಪಂದ್ಯಕ್ಕೆ ಬೇಡವಾದ ಒಂದನ್ನು ಭಾವ ಹಳೆಯ ಬೈಕಿನ ರೇಟಿಗೆ ತಂದ. ಮನೆಯಲ್ಲಿ ಹೇಳಿದ್ದು ಸೆಕೆಂಡ್ ಹ್ಯಾಂಡ್ ಮಾರುತಿ ಎಂದು ಮಾತ್ರ. ಅದು ಸುಳ್ಳಲ್ಲವಲ್ಲ.

ಓಡಿಸುವುದು ಕಷ್ಟವಾಗಬೇಕಿತ್ತು, ಆಗಲಿಲ್ಲ. ಎಂಜಿನ್ನು 1298 ಸಿಸಿ, ಜಿಪ್ಸಿಯ ವಂಶದ್ದೇ. ಮಲೆನಾಡಿನಲ್ಲಿ ಜಿಪ್ಸಿ ಬಿಚ್ಚಿ ಕೂಡಿಸುವವರಿಗೇನು ಬರವಿಲ್ಲ. ಪಂದ್ಯಕ್ಕೆಂದು ಎತ್ತರಿಸಿದ ಸಸ್ಪೆನ್ಷನ್ ತೋಟದ ದಾರಿಗೆ ಸರಿಯಾಯಿತು. ಎಂಜಿನ್ ಕೆಳಗಿನ ದಪ್ಪ ಸಂಪ್ ಗಾರ್ಡು ನಮ್ಮ ಹಂಪುಗಳನ್ನು ಉಜ್ಜಿಕೊಂಡೇ ದಾಟುತ್ತದೆ, ಸವೆಯುವುದು ಹಂಪು. ಹಿಂದಿನ ಸೀಟಿಲ್ಲದ ಜಾಗಕ್ಕೆ ಕಾಫಿ ಹಣ್ಣಿನ ಕಾಲದಲ್ಲಿ ಮೂರು ಮೂಟೆ ಹಿಡಿಯುತ್ತದೆ, ಹಲಸಿನ ಕಾಲದಲ್ಲಿ ಹನ್ನೊಂದು ಹಣ್ಣು. ಒಮ್ಮೆ ಕರುವೊಂದನ್ನು ಪಶು ಆಸ್ಪತ್ರೆಗೆ ಸಾಗಿಸಿದ್ದೂ ಆಗಿದೆ. ಪಂಜರ ಇದ್ದದ್ದಕ್ಕೆ ಅದು ಮುಂದೆ ಬಂದು ಗೇರಿಗೆ ಮೂತಿ ಹಾಕಲಿಲ್ಲ. ಕುಡಿಯುವುದರಲ್ಲಿ ಮಾತ್ರ ಧಾರಾಳಿ, ಲೀಟರಿಗೆ ಎಂಟು ಬಂದರೆ ಭಾವ ಖುಷಿಯಾಗಿರುತ್ತಾನೆ. ಹದಿನೈದು ವರ್ಷ ತುಂಬಿ ಮರು ನೋಂದಣಿಗೆ ಹೋದಾಗ ಪರೀಕ್ಷಿಸಲು ಬಂದವರು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, "ಕಂಬಿ ಯಾಕ್ರೀ?" ಎಂದರಂತೆ. "ಆನೆ ಕಾಟ ಸರ್" ಎಂದನಂತೆ ಇವನು. ಕಳಸದ ಕಡೆ ಹೇಳಿದರೆ ನಂಬದೆ ಇರುವಂಥ ಮಾತೂ ಅಲ್ಲ.

ಮಳೆಗಾಲದ ಕತೆ ಬೇರೆ. ಬಾಗಿಲಿನ ರಬ್ಬರುಗಳು ಮುದಿಯಾಗಿ ನೀರು ಒಳಗೆ ಬರುತ್ತದೆ, ಬಂದ ನೀರು ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಅದೇ ತೂತುಗಳಿಂದ ಇಂಬಳ ಹತ್ತಿ ಬರುತ್ತದೆ. ಪಂಜರದ ಕೊಳವೆಗೆ ಅತ್ತೆ ಒಂದು ಸಣ್ಣ ಬಟ್ಟೆಯ ಗಂಟು ಕಟ್ಟಿಟ್ಟಿದ್ದಾರೆ. ಒಳಗೆ ಉಪ್ಪು ಮತ್ತು ಹೊಗೆಸೊಪ್ಪು. ನಾಲ್ಕು ಪಟ್ಟಿ ಬಿಗಿದುಕೊಂಡು ಕೂತವನ ಕಾಲಿಗೆ ಇಂಬಳ ಹತ್ತಿದರೆ ಬಗ್ಗಲು ಬರುವುದಿಲ್ಲ, ಪಕ್ಕದವರೇ ಗಂಟು ಬಿಚ್ಚಿ ಒತ್ತಬೇಕು. ಜಗತ್ತಿನ ಯಾವ ರ‍್ಯಾಲಿಯಲ್ಲೂ ನೇವಿಗೇಟರಿಗೆ ಈ ಕೆಲಸ ಇದ್ದ ಹಾಗಿಲ್ಲ.

ಆ ಪಕ್ಕದವರು ಯಾರೆಂದರೆ ನಮ್ಮ ಅತ್ತೆಯೇ.

ಎಪ್ಪತ್ತೆರಡು ವರ್ಷದ ಅತ್ತೆ ಈ ಕಾರು ಹತ್ತುವ ಕ್ರಮವನ್ನು ನಾನು ಮರುದಿನ ಬೆಳಿಗ್ಗೆ ಕಣ್ಣಾರೆ ಕಂಡೆ. ಅಂಗಳಕ್ಕೆ ಮೊದಲು ಒಂದು ಮಣೆ ಬರುತ್ತದೆ. ಮಣೆಯ ಮೇಲೆ ನಿಂತು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬಲಗೈಯಲ್ಲಿ ಮೇಲಿನ ಕೊಳವೆ ಹಿಡಿದು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಕೂತ ಮೇಲೆ ಮಣೆಯನ್ನು ಹಿಂದಕ್ಕೆ ಹಾಕಬೇಕು, ಹೊರನಾಡಿನಲ್ಲಿ ಇಳಿಯಲು ಬೇಕಲ್ಲ. ಬೆಲ್ಟನ್ನು ತಾವೇ ಹಾಕಿಕೊಳ್ಳುತ್ತಾರೆ. "ಬಸುರಿ ಸೊಸೆಯನ್ನು ಹಿಡ್ಕೊಂಡ ಹಾಗೆ ಹಿಡ್ಕೊಳ್ತದೆ ಮಾರಾಯ. ಬೇರೆ ಕಾರಲ್ಲಿ ತಿರುವಿಗೆ ಆಚೆ ಈಚೆ ಎಸೀತದೆ, ಇದ್ರಲ್ಲಿ ನಾನು ಒಮ್ಮೆಯೂ ವಾಂತಿ ಮಾಡ್ಲಿಲ್ಲ." ಹೆಸರಿನ ಬಗ್ಗೆಯೂ ಅವರಿಗೆ ತಕರಾರಿಲ್ಲ. ಮಾರುತಿ ಎಂದು ಹೆಸರಿಟ್ಟ ಮೇಲೆ ಹಾರುವುದು ಅದರ ಧರ್ಮ.

ಆದರೆ ಆ ತಗ್ಗಿದ ಸೀಟಿನಲ್ಲಿ ಕೂತರೆ ಅತ್ತೆಗೆ ರಸ್ತೆ ಕಾಣುವುದಿಲ್ಲ. ಅವರದು ಕುಳ್ಳು ದೇಹ. ಗಾಜಿನ ಮೇಲರ್ಧದಲ್ಲಿ ಆಕಾಶ ಮತ್ತು ಮರಗಳ ತುದಿ, ಅಷ್ಟೇ. ಇಂಥ ಸ್ಥಿತಿಯಲ್ಲಿ ನಮ್ಮಂಥವರು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದೆವು. ಅತ್ತೆ ಮರದ ತುದಿಗಳನ್ನು ಕಲಿತುಕೊಂಡರು. ಕಳಸದಿಂದ ಹೊರನಾಡಿಗೆ ಎಂಟು ಕಿಲೋಮೀಟರ್. ಪ್ರತಿ ಶುಕ್ರವಾರ ಹೋಗಿ ಬರುತ್ತಾರೆ. ಆ ಎಂಟು ಕಿಲೋಮೀಟರಿನ ಅವರ ಪೇಸ್ ನೋಟ್ಸನ್ನು ನೆನಪಿದ್ದಷ್ಟು ಬರೆಯುತ್ತೇನೆ:

"ಸಿಲ್ವರ್ ಓಕ್ ಎರಡು ಜೋಡಿ, ನೇರ ಹೋಗು. ಹಾಲವಾಣ ಬಂತು, ಎಡಕ್ಕೆ, ಸಣ್ಣದು. ಕರೆಂಟ್ ಕಂಬ ವಾಲಿದ್ದು. ಇಲ್ಲಿ ದನ ಮಲಗಿರ್ತದೆ, ಹಾರ್ನ್ ಮಾಡು. ಈಗ ಬೈನೆ. ಬೈನೆಗೆ ಬಲಕ್ಕೆ, ಜೋರು ತಿರುವು, ನಿನ್ನ ಚಿಕ್ಕಪ್ಪನದು. ನೇರಳೆ ಮರ, ಜಾರ್ತದೆ, ಹಣ್ಣು ಬಿದ್ದಿರ್ತದೆ. ಹಲಸು ಬಂತು, ನಿಧಾನ, ಆಚೆಯಿಂದ ಬಸ್ಸು ಬರುವ ಹೊತ್ತು."

"ನಿನ್ನ ಚಿಕ್ಕಪ್ಪನದು" ಎಂದರೆ ಏನು ಎಂಬುದನ್ನು ಮೊದಲ ಪ್ಯಾರಾ ಓದಿದವರಿಗೆ ವಿವರಿಸಬೇಕಿಲ್ಲ. ಭಾವ ಅಷ್ಟೂ ಹೊತ್ತು "ಸರಿ, ಸರಿ" ಎನ್ನುತ್ತ, ಅತ್ತೆ ಹೇಳಿದ ಮೇಲೆಯೇ ಗೇರು ಇಳಿಸುತ್ತಿದ್ದ. ಅವನಿಗೆ ಆ ದಾರಿ ನಿದ್ದೆಗಣ್ಣಿನಲ್ಲೂ ಗೊತ್ತು. ಹಿಂದೆ ಮಣೆಯ ಮೇಲೆ ಕೊಳವೆ ಹಿಡಿದು ಕೂತಿದ್ದ ನನಗೆ ಅವರಿಬ್ಬರ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು.

ಹಲಸು ಬಂತು ಎಂದರಲ್ಲ, ಹಲಸು ಬಂದಿರಲಿಲ್ಲ. ಅಲ್ಲಿ ಕೆಂಪು ಮಣ್ಣಿನ ಗೋಡೆಯಂಥ ದರೆಯೂ ಒಂದು ಹೋಂಸ್ಟೇ ಬೋರ್ಡೂ ಇದ್ದವು. ಅಗಲ ಮಾಡುವ ಹೆಸರಿನಲ್ಲಿ ನಮ್ಮ ಕಡೆಯ ರಸ್ತೆಗಳಿಗೆಲ್ಲ ಈಗ ಇದೇ ಗತಿ. ಮೊದಲು ಮರಗಳ ಮೈ ಕೆತ್ತಿ ನಂಬರ್ ಹಾಕುತ್ತಾರೆ, ಒಂದು ದಿನ ನೋಡಿದರೆ ನಂಬರೂ ಇರುವುದಿಲ್ಲ, ಮರವೂ ಇರುವುದಿಲ್ಲ. ಬೇರು ಹೋದ ದರೆ ಮುಂದಿನ ಮಳೆಗೆ ರಸ್ತೆಯ ಮೇಲೆಯೇ ಮಲಗುತ್ತದೆ. ಅದನ್ನು ಬಾಚಲು ಜೆಸಿಬಿ, ಜೆಸಿಬಿ ನಿಲ್ಲಲು ಇನ್ನಷ್ಟು ಅಗಲ. ಇಷ್ಟೆಲ್ಲ ಯಾರಿಗಾಗಿ ಎಂದರೆ, ವಾರದ ಕೊನೆಗೆ ಬೆಂಗಳೂರಿನಿಂದ ಬಂದು ತಿರುವಿನಲ್ಲೇ ಗಾಡಿ ನಿಲ್ಲಿಸಿ ಮಂಜಿನ ಫೋಟೋ ಹೊಡೆಯುವವರಿಗಾಗಿ. ನಾನೂ ಬೆಂಗಳೂರಿನವನೇ, ಹೊಡೆದಿದ್ದೇನೆ. ಸಿಟ್ಟು ಅದಕ್ಕೇ ಇನ್ನೂ ಹೆಚ್ಚು.

"ಅಮ್ಮನಿಗೆ ಗೊತ್ತಿಲ್ವಾ, ಹಲಸು ಹೋದದ್ದು?" ಎಂದು ಹೊರನಾಡಿನಲ್ಲಿ ಸಾಲಿನಲ್ಲಿ ನಿಂತಾಗ ಭಾವನ ಕಿವಿಯಲ್ಲಿ ಕೇಳಿದೆ.

"ಕಡಿದ ದಿನ ಮೊದಲು ಹೇಳಿದ್ದೇ ಅವರು. ಆಕಾಶ ಜಾಸ್ತಿ ಕಾಣ್ತದೆ ಇವತ್ತು ಅಂತ. ಆದ್ರೂ ಹೇಳೂದು ಬಿಡ್ಲಿಲ್ಲ. ತಿರುವು ಅಲ್ಲೇ ಉಂಟಲ್ಲ, ಹಲಸು ಅನ್ನದೆ ಎಂಥ ಅನ್ನೂದು ಅಂತಾರೆ. ನಾನೂ ಅಲ್ಲಿ ಗೇರು ಇಳಿಸ್ತೇನೆ. ಬಸ್ಸಿನ ಹೊತ್ತು ಹೌದಲ್ಲ."

ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಮಳೆ ಎಂದರೆ ಮೂರು ಮಾರು ಆಚೆಗಿನ ತೆಂಗಿನಕಾಯಿ ಅಂಗಡಿ ಕಾಣದಂಥ ಮಳೆ. ಒಂದು ಗಂಟೆ ಕಾದರೂ ನಿಲ್ಲಲಿಲ್ಲ. ಜೀಪಿನವರೊಬ್ಬರು ಬಂದು ಹೆಬ್ಬಾಳೆ ಸೇತುವೆ ಮುಳುಗಿತು ಎಂದರು. ಭದ್ರೆ ಏರಿದಾಗಲೆಲ್ಲ ಆ ಸೇತುವೆ ನೀರಿನಡಿಗೆ ಹೋಗುವುದು ನಮ್ಮ ಕಡೆಯ ಪಂಚಾಂಗದಲ್ಲೇ ಇದೆ. ಹಳುವಳ್ಳಿಯ ಮೇಲೆ ಸುತ್ತಿ ಕಳಸ ಸೇರಬೇಕು.

ಮಣೆ ಇಟ್ಟೆವು, ಅತ್ತೆ ಹತ್ತಿ ಕೂತರು, ಪಟ್ಟಿಗಳು ಖಟಕ್ಕೆಂದವು. ಹಳುವಳ್ಳಿಯ ದಾರಿಗೆ ತಿರುಗಿದ ಮೇಲೆ ಕಾರಿನೊಳಗೆ ಮಳೆ ಮತ್ತು ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅತ್ತೆ ಮಾತಾಡುತ್ತಿರಲಿಲ್ಲ. ವೈಪರ್ ಒಂದೇ ಕೆಲಸ ಮಾಡುತ್ತಿತ್ತು, ಅದೂ ಭಾವನ ಕಡೆಯದು. ಅವರು ಸೆರಗಿನ ತುದಿಯಿಂದ ಗಾಜಿನ ಒಳಮೈಯನ್ನು ಒರೆಸಿ ಒರೆಸಿ ಮೇಲೆ ನೋಡುತ್ತಿದ್ದರು. ಭಾವ ಇಪ್ಪತ್ತರ ಮೇಲೆ ಹೋಗಲಿಲ್ಲ. ಪಂದ್ಯದ ಕಾರು ಎರಡನೇ ಗೇರಿನಲ್ಲಿ, ಗಬ್ಬದ ದನದ ಹಾಗೆ ಕಾಲು ಆಯ್ದಿಡುತ್ತ ನಡೆಯಿತು.

ಒಂದು ಕಡೆ ಅತ್ತೆ ಕೈ ಎತ್ತಿದರು.

"ಅದು ಅತ್ತಿ ಮರವಾ?"

"ಇರಬೇಕಮ್ಮ. ಮಳೆಗೆ ಸರಿ ಕಾಣೂದಿಲ್ಲ."

"ಅತ್ತಿಯೇ. ಎಡಕ್ಕೆ ತಿರುಗ್ತದಾ?"

"ಇಲ್ಲ, ಬಲಕ್ಕೆ."

"ಅತ್ತಿಗೆ ಬಲಕ್ಕೆ" ಎಂದರು. ಇನ್ನೊಮ್ಮೆ ಮೆಲ್ಲಗೆ ತಮ್ಮಷ್ಟಕ್ಕೇ ಹೇಳಿಕೊಂಡು, ಮುಂದಿನ ಮರಕ್ಕಾಗಿ ಗಾಜು ಒರೆಸಿದರು.