ದಪ್ಪ ಟೈರು, ಸಣ್ಣ ರಿಮ್ಮು

ಮಧುಗಿರಿಯ ಪಂಚರ್ ಅಂಗಡೀಲಿ ಪಾವಗಡದ ಹುಡುಗನೊಬ್ಬ ಹಠ ಹಿಡಿದಿದ್ದ: "ಅಣ್ಣಾ, ಸ್ಪ್ಲೆಂಡರ್ ಹಿಂದಕ್ಕೆ 100/90-18 ಹಾಕ್ಕೊಡಿ, ಗತ್ತಾಗಿ ಕಾಣ್ಬೇಕು."

ಅಂಗಡಿಯವರು ಮಾತಾಡದೆ ರಿಮ್ಮಿನ ಮಣ್ಣು ಒರೆಸಿ ಬೆರಳಿಟ್ಟರು: 18×1.60. ಅಂದ್ರೆ ಅಗಲ ಬರೀ 1.6 ಇಂಚು, ಸುಮಾರು 41 ಮಿಲಿಮೀಟರು. ಆ ಟೈರಿಗೆ ಕಮ್ಮಿ ಅಂದ್ರೂ 2.15 ಇಂಚಿನ ರಿಮ್ಮು ಬೇಕು. ಇದರೊಳಗೆ ತುರುಕಿದರೆ ಅಂಚು ಹಿಸುಕಿಕೊಂಡು ನಡು ಉಬ್ಬುತ್ತೆ. ನೆಲ ಹಿಡಿಯೋದು ನಡುಪಟ್ಟಿ ಮಾತ್ರ, ಸವೆಯೋದೂ ಅದೇ ಮೊದಲು. ಕೊರಟಗೆರೆ ದಾರಿಯ ತಿರುವಲ್ಲಿ ವಾಲಿಸಿದರೆ ಗಾಡಿ ತೇಲಿದಂಗಾಗುತ್ತೆ (ನಾನೂ ಒಂದು ಕಾಲಕ್ಕೆ ಆ ಶೋಕಿ ಮಾಡಿದವನೇ). ಚೈನಿಗೆ ಉಜ್ಜಿದರಂತೂ ಕೇಳೋದೇ ಬೇಡ.

"80/100 ಸಾಕು ಮಗಾ," ಅಂದರು. ಹುಡುಗನ ಮುಖ ಟೈರಿಗಿಂತ ದಪ್ಪಗೆ ಊದಿಕೊಂಡಿತ್ತು.