ಹೇವೀಜ್: ಭಾರ ಇಳಿಸುವ ನೀರು

ಪಶ್ಚಿಮ ಹಂಗೇರಿಯ ಕೆಸ್ತೆಯ್ ಊರಿನಿಂದ ಬಸ್ಸು ಹೊರಟು ಸ್ವಲ್ಪ ಹೊತ್ತಿಗೆಲ್ಲ ಮರಗಳ ನೆತ್ತಿಯ ಮೇಲೆ ಬಿಳಿ ಹಬೆ ಕಾಣತೊಡಗಿತು. ಅಕ್ಟೋಬರ್ ಕೊನೆಯ ಚಳಿ. ಹಬೆಯ ಕೆಳಗೆ ಹೇವೀಜ್ ಸರೋವರ: 4.4 ಹೆಕ್ಟೇರ್, ನಮ್ಮ ಲೆಕ್ಕಕ್ಕೆ ಹನ್ನೊಂದು ಎಕರೆಯ ಹತ್ತಿರ, ಬರೀ ಬೆಚ್ಚನೆಯ ನೀರು. ಆ ನೀರಿನಲ್ಲಿ ರಬ್ಬರ್ ಬಳೆಗಳ ನಡುವೆ ತೇಲುತ್ತಿದ್ದ ತಲೆಗಳು. ಅವುಗಳ ಸುತ್ತ ಕೆಂಪು ನೈದಿಲೆಗಳು!

ನೈದಿಲೆ ಕಂಡು ಅಕ್ಕ ದಂಡೆಯಲ್ಲೇ ನಿಂತುಬಿಟ್ಟಳು. "ಇದು ನಮ್ಮ ಕಡೆ ಹೂವಲ್ವೇನೋ?" ಹೌದು, ಭಾರತದ ತಳಿಯೇ. ಕೆಸ್ತೆಯ್‌ನ ಕೃಷಿ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಶಾಂದೋರ್ ಲೊವಾಷಿ 1898ರಲ್ಲಿ ಇಲ್ಲಿ ಬೇರೂರಿಸಿದ್ದು. ಕಡು ಚಳಿಗಾಲದಲ್ಲೂ ಇಲ್ಲಿನ ನೀರು 22 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಹಿಮ ಬೀಳುವ ಸೀಮೆಯಲ್ಲಿ ನಮ್ಮ ಹೂವು ಬದುಕಿದ ಗುಟ್ಟು ಅದೇ.

ನಾವು ಬಂದದ್ದು ಮಾತ್ರ ಅಕ್ಕನ ಸೊಂಟಕ್ಕಾಗಿ. ವರ್ಷಗಟ್ಟಲೆ ಬ್ಯಾಂಕಿನ ಕುರ್ಚಿಯಲ್ಲಿ ಕೂತು ಡಿಸ್ಕ್ ಜರುಗಿ, ಎಡಗಾಲಿಗೆ ಸೆಳೆತ ಇಳಿದಿತ್ತು. ಸರೋವರದ ಪಕ್ಕದಲ್ಲೇ ಸಂಧಿವಾತದ ಆಸ್ಪತ್ರೆಯಿದೆ. ಅಲ್ಲಿನ ವೈದ್ಯೆ ರಿಪೋರ್ಟುಗಳನ್ನೆಲ್ಲ ನೋಡಿ, ಕಾಲಿನ ಶಕ್ತಿ ಪರೀಕ್ಷಿಸಿ, ಮೂಳೆ ಟೊಳ್ಳಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಚೀಟಿ ಬರೆದರು. ಬಿಸಿನೀರು ಎಲ್ಲರಿಗೂ ಒಳ್ಳೆಯದೇ ಎಂದುಕೊಂಡು ಧುಮುಕುವವರಿಗೆ ಈ ಎಚ್ಚರ ಬೇಕು.

ಚೀಟಿಯಲ್ಲಿದ್ದ ಮೊದಲ ಚಿಕಿತ್ಸೆಯನ್ನು ನೋಡಿ ನಾನು ಬೆರಗಾದೆ. ಒಳಗಿನ ಆಳವಾದ ಬೆಚ್ಚನೆಯ ತೊಟ್ಟಿಯಲ್ಲಿ ಜನ ಸಾಲಾಗಿ, ನೆಟ್ಟಗೆ, ಕಾಲು ನೆಲಕ್ಕೆ ತಾಗದಂತೆ ತೂಗುತ್ತಿದ್ದರು. ಗದ್ದ ಮತ್ತು ಕುತ್ತಿಗೆಗೆ ಆಸರೆಯ ಪಟ್ಟಿ, ಕೆಲವರಿಗೆ ಕಂಕುಳಿಗೆ. ಸೊಂಟಕ್ಕೋ ಕಣಕಾಲಿಗೋ ತೂಕದ ಕಲ್ಲು. ಇದೇ ತೂಕಸ್ನಾನ. ಕಾರೊಯ್ ಮೊಲ್ ಎಂಬ ವೈದ್ಯರು 1953ರಲ್ಲಿ ಇದೇ ಊರಿನಲ್ಲಿ ರೂಪಿಸಿದ್ದು. ನಮ್ಮ ಆಸ್ಪತ್ರೆಗಳಲ್ಲಿ ಮಂಚದ ಮೇಲೆ ಮಲಗಿಸಿ, ಬೆಲ್ಟು ಬಿಗಿದು ಕೊಡುವ ಟ್ರ್ಯಾಕ್ಷನ್ನಿನ ಉದ್ದೇಶವೂ ಇದೇ: ಬೆನ್ನೆಲುಬಿನ ಮಣಿಗಳ ನಡುವಿನ ಒತ್ತಡ ತಗ್ಗಿಸಿ, ನರಕ್ಕೆ ಒಂದಿಷ್ಟು ಜಾಗ ಬಿಡಿಸುವುದು. ಆದರೆ ಮಂಚದ ಮೇಲೆ ಎಳೆತಕ್ಕೆ ಹೆದರಿದ ಸ್ನಾಯು ಬಿಗಿದುಕೊಳ್ಳುತ್ತದೆ. ಬೆಚ್ಚನೆಯ ನೀರಿನಲ್ಲಿ ಆ ಬಿಗಿತವೇ ಸಡಿಲ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತರೇ ಕಾಲಿನ ಮೇಲೆ ಉಳಿಯುವುದು ಮೈಭಾರದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಇಲ್ಲಿ ಅದೂ ಇಲ್ಲ. ತೊಟ್ಟಿಲಲ್ಲಿ ಮಲಗಿಸಿದ ಕೂಸಿನ ಹಾಗೆ ಅಕ್ಕನ ಮುಖ ತಿಳಿಯಾಗುತ್ತ ಹೋಯಿತು.

"ಏನನ್ನಿಸ್ತಿದೆ ಅಕ್ಕಾ?" ಎಂದೆ.

"ಸೊಂಟ ಇದೆ ಅನ್ನೋದೇ ಮರೆತುಹೋಯ್ತು ಕಣೋ."

ಆಮೇಲೆ ಕೆಸರಿನ ಪಟ್ಟು. ಸರೋವರದ ತಳದಲ್ಲಿ ಕೊಳೆತ ಸಸ್ಯಗಳಿಂದಾದ ಕಪ್ಪು ಮಣ್ಣಿನ ದಪ್ಪ ಪದರವಿದೆ. ಅದನ್ನು ಕಾಯಿಸಿ ಬೆನ್ನಿಗೆ ಮೆತ್ತಿ ಬಟ್ಟೆ ಸುತ್ತುತ್ತಾರೆ. ಕೆಸರು ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲ. ರಕ್ತನಾಳ ಅರಳಿ, ಗಂಟು ಕಟ್ಟಿದ ಸ್ನಾಯು ನಿಧಾನವಾಗಿ ಮೆದುವಾಗುತ್ತದೆ. ಪಕ್ಕದ ಕೋಣೆಯಲ್ಲಿ ತೊಟ್ಟಿಯೊಳಗೆ ಮಲಗಿದವರ ತೊಡೆ, ಬೆನ್ನುಗಳ ಮೇಲೆ ಕೊಳವೆಯಿಂದ ನೀರಿನ ಧಾರೆ ಹಾಯಿಸಿ ಮಸಾಜ್. ಅದರಾಚೆ ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟು ಕೊಡುವ ಯಂತ್ರಗಳು. ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತ ಈ ಯಂತ್ರಗಳ ಬೆನ್ನಿಗಿದೆ: ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದೆ, ಸ್ಪರ್ಶದ ಸುದ್ದಿ ನುಗ್ಗಿ ಬಂದರೆ ಆ ಬಾಗಿಲು ಅರೆಮುಚ್ಚುತ್ತದೆ. ಪೆಟ್ಟು ಬಿದ್ದ ಜಾಗವನ್ನು ನಾವು ನಮಗರಿವಿಲ್ಲದೆಯೇ ಉಜ್ಜಿಕೊಳ್ಳುವುದು ಏಕೆಂದು ಆಗ ನನಗೆ ಹೊಳೆಯಿತು.

ಸಂಜೆ ನಾನೂ ಸರೋವರಕ್ಕಿಳಿದೆ. ನನ್ನ ಕಾಲ ಕೆಳಗೆ, 38 ಮೀಟರ್ ಆಳದಲ್ಲಿ, ಒಂದು ಗುಹೆ. ಮುಳುಗುಗಾರರು ಅದನ್ನು ಕಂಡುಹಿಡಿದದ್ದು 1975ರಲ್ಲಿ. ಬಿಸಿ ಸೆಲೆಯೂ ತಣ್ಣನೆಯ ಸೆಲೆಯೂ ಅದರೊಳಗೆ ಬೆರೆತು, ಸೆಕೆಂಡಿಗೆ ನಾನೂರು ಲೀಟರಿನಷ್ಟು ಮೇಲೆ ಬರುತ್ತವೆ. ಮೂರ್ನಾಲ್ಕು ದಿನಕ್ಕೊಮ್ಮೆ ಇಡೀ ಸರೋವರವೇ ಹೊಸ ನೀರು! ಇಷ್ಟು ದೊಡ್ಡ ಸೆಲೆಯೂ ಬತ್ತುವ ಹಾದಿಯಲ್ಲಿತ್ತು ಎಂದರೆ ಎದೆ ಝಲ್ಲೆನ್ನುತ್ತದೆ. ನೀರಾದ್ ಎಂಬಲ್ಲಿ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್ ತೆಗೆಯುವ ಗಣಿಯವರು ನೆಲದಡಿಯ ನೀರನ್ನು ಪಂಪು ಹಾಕಿ ಹೊರಚೆಲ್ಲುತ್ತಿದ್ದರು. ಅದರಿಂದ ಇಲ್ಲಿನ ಹರಿವು ಕುಗ್ಗಿತು. 1990ರಲ್ಲಿ ಗಣಿ ನಿಂತ ಮೇಲೆ ಸೆಲೆ ಮೆಲ್ಲಗೆ ಚೇತರಿಸಿಕೊಂಡಿತು. ಅಲ್ಯೂಮಿನಿಯಂ ಎಲ್ಲಿಂದಲಾದರೂ ತರಬಹುದು, ಇಂಥ ನೀರನ್ನು ಎಲ್ಲಿಂದ ತರುವುದು?

ಮರುದಿನ ಬೆಳಿಗ್ಗೆ ವ್ಯಾಯಾಮದ ಕೋಣೆಯಲ್ಲಿ ಫಿಸಿಯೋಥೆರಪಿಸ್ಟ್ ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿದ. ಮಂಡಿ ಮಡಚಿ, ಹೊಟ್ಟೆ ಬಿಗಿಹಿಡಿದು, ಸೊಂಟ ಎತ್ತಬೇಕು.

"ಕೆಸರು ಮೆತ್ತಿ, ನೀರಿಗಿಳಿದು ಇಷ್ಟು ಹಾಯಾಗಿದೆ, ಇದೆಲ್ಲ ಯಾಕೆ?" ಅಕ್ಕ ಕೇಳಿದಳು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

ನೋವು ತಗ್ಗಿರುವ ಈ ಹೊತ್ತಿನಲ್ಲೇ ಸ್ನಾಯುವಿಗೆ ಬಲ ತುಂಬಬೇಕು, ಆ ಹೊತ್ತು ದೊರಕಿಸಿಕೊಡುವುದಕ್ಕೇ ನೀರು, ಕೆಸರು, ಕರೆಂಟು ಎಲ್ಲವೂ ಎಂದನಾತ. ಮನೆಗೆ ಹೋದ ಮೇಲೂ ದಿನಾ ಮಾಡಬೇಕಂತೆ, ಕುರ್ಚಿಯಿಂದ ಆಗಾಗ ಏಳಬೇಕಂತೆ. ಅಕ್ಕ ತಲೆಯಾಡಿಸಿ ಮತ್ತೆ ಸೊಂಟ ಎತ್ತಿದಳು. ಅವಳು ಅದನ್ನು ಇಳಿಸುವವರೆಗೂ ಅವನು ಗಟ್ಟಿಯಾಗಿ ಹಂಗೇರಿಯನ್ನಿನಲ್ಲಿ ಎಣಿಸುತ್ತಿದ್ದ.