ಬೈದುಕೊಂಡೇ ಬಾಳುವ ಊರುಗಳು

ಶಿಡ್ಲಘಟ್ಟಕ್ಕೆ ಮೊದಲ ಸಲ ಬರುವ ನೆಂಟರು ಬಸ್ಸಿಳಿದ ಕೂಡಲೇ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನಮಗೇನೂ ಬೇಜಾರಿಲ್ಲ. ಬಿಸಿನೀರಲ್ಲಿ ಬೆಂದ ರೇಷ್ಮೆಹುಳುವಿನ ವಾಸನೆಯನ್ನು ಮಲ್ಲಿಗೆ ಎಂದು ಸಾಧಿಸುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. "ಇಲ್ಲಿ ಹೆಂಗಿರ್ತೀರಮ್ಮಾ?" ಎಂದು ಬೆಂಗಳೂರಿನ ನೆಂಟರೊಬ್ಬರು ಕೇಳಿದಾಗ ನಮ್ಮತ್ತೆ ಕಾಫಿ ಲೋಟ ಮುಂದಿಟ್ಟು, "ಈ ವಾಸನೆ ಬಂದ್ರೆ ಏನಿಲ್ಲಪ್ಪ, ನಾಕು ದಿನ ಬರ್ದಿದ್ರೆ ಭಯ ಆಗುತ್ತೆ. ನೂಲು ಬಿಚ್ಚೋದು ನಿಂತೋಯ್ತೇನೋ ಅಂತ" ಎಂದರು. ನೆಂಟರು ಒಂದು ಕೈಯಲ್ಲಿ ಕರ್ಚೀಫು, ಇನ್ನೊಂದರಲ್ಲಿ ಲೋಟ ಹಿಡಿದು ಬಹಳ ಹೊತ್ತು ಯೋಚಿಸಿದರು.

ಅವರನ್ನು ಮಾರನೆಯ ದಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಜಾಲರಿಗಳ ತುಂಬ ಹಳದಿ ಗೂಡು, ಅಲ್ಲಲ್ಲಿ ಬಿಳಿ ಗೂಡು. ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ, ಹಿಂದಿನ ಕೂಗಾಟ ಇಲ್ಲ. ಆದರೆ ಗೂಡು ನೋಡುವ ಕ್ರಮ ಮೊಬೈಲಿಗೆ ಇನ್ನೂ ಬಂದಿಲ್ಲ. ನೂಲು ಬಿಚ್ಚುವ ರೀಲರ್ ಜಾಲರಿಯೊಳಗೆ ಮೊಣಕೈವರೆಗೆ ಕೈಯಿಳಿಸಿ ತಳದ ಗೂಡು ಮೇಲೆ ತರುತ್ತಾನೆ. ಬೆರಳ ಸಂದಿಯಲ್ಲಿ ಒತ್ತುತ್ತಾನೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳು ಲೊಟಲೊಟ ಅಂದರೆ ಸರಿ, ಅಂಟಿಕೊಂಡಿದ್ದರೆ ಮುಖ ಸಣ್ಣಗಾಗುತ್ತದೆ. ಒಂದು ತಿಂಗಳು ನಿದ್ದೆಗೆಟ್ಟು, ಹಿಪ್ಪುನೇರಳೆ ಸೊಪ್ಪು ಹಾಕಿ, ಹುಳುವಿನ ಒಂದೊಂದು ಜ್ವರವನ್ನೂ ಮನೆಮಕ್ಕಳ ಜ್ವರದಂತೆ ಕಾದು ಬೆಳೆ ತೆಗೆದ ರೈತ ಅಷ್ಟು ಹೊತ್ತೂ ಗೂಡನ್ನು ನೋಡುವುದಿಲ್ಲ, ರೀಲರನ ಮುಖವನ್ನೇ ನೋಡುತ್ತಿರುತ್ತಾನೆ. ರೈತ ಮಾತಾಡುವುದು ತೆಲುಗು, ರೀಲರನದು ಉರ್ದು, ಚೌಕಾಸಿ ನಡೆಯುವುದು ಕನ್ನಡದಲ್ಲಿ. ಜಗಳ ಮಾತ್ರ ಮೂರರಲ್ಲೂ.

ಹುಟ್ಟಿದ ಹಳ್ಳಿಯ ಋಣದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ, ಮಹಾನಗರದ ಮೋಹದ ಬಗ್ಗೆಯೂ. ಇತ್ತ ಹಳ್ಳಿಯ ಗಾಳಿಯೂ ಇಲ್ಲದೆ ಅತ್ತ ನಗರದ ಮೆಟ್ರೋವೂ ಇಲ್ಲದೆ ನಡುವೆ ಸಿಕ್ಕಿಬಿದ್ದಿರುವ ತಾಲ್ಲೂಕು ಕೇಂದ್ರಗಳಿಗೆ ಕೃತಜ್ಞತೆ ಹೇಳಿದವರು ಕಡಿಮೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದ ಮೇಲೆ ನಮ್ಮ ಬೈಗುಳಕ್ಕೆ ಒಂದು ಜಿಲ್ಲಾ ಕಚೇರಿ ಸಿಕ್ಕಿತು ಎನ್ನುವುದು ನಿಜ. ಅದೂ ಒಂದು ಉಪಕಾರವೇ.

ನಮ್ಮ ಜಿಲ್ಲೆಯ ಗೌರಿಬಿದನೂರನ್ನೇ ತೆಗೆದುಕೊಳ್ಳಿ. ಅಲ್ಲಿ 1965ರಿಂದ ಭೂಕಂಪನ ಅಳೆಯುವ ಕೇಂದ್ರವಿದೆ. ದೂರದ ಯಾವುದೋ ದೇಶ ನೆಲದಡಿ ಅಣುಬಾಂಬು ಸಿಡಿಸಿದರೂ ಅದಕ್ಕೆ ಗೊತ್ತಾಗುತ್ತದೆ. 1976ರಿಂದ ರೇಡಿಯೋ ದೂರದರ್ಶಕವೂ ಇದೆ. ತಗಡಿನ ಬಟ್ಟಲಿನಂಥದ್ದಲ್ಲ, ಬಯಲಿನಲ್ಲಿ ಸಾಲಾಗಿ ನೆಟ್ಟ ಕಂಬ, ತಂತಿ. ಬಟ್ಟೆ ಒಣಹಾಕಲು ಮಾಡಿದ್ದು ಅಂದುಕೊಂಡರೂ ತಪ್ಪಿಲ್ಲ. ಸೂರ್ಯನ ಗಲಾಟೆಯನ್ನು ಅದು ಕೇಳಿಸಿಕೊಳ್ಳುತ್ತದೆ. ಭೂಮಿಯ ಒಳಗಿನದೂ ಆಕಾಶದ ಆಚೆಯದೂ ಗೊತ್ತಾಗುವ ಇಂಥ ಊರಿನಲ್ಲಿ ನಲ್ಲಿಯಲ್ಲಿ ನೀರು ಯಾವತ್ತು ಬರುತ್ತದೆ ಎಂಬುದು ಮಾತ್ರ ವಾಟರ್‌ಮ್ಯಾನ್ ಒಬ್ಬನಿಗೇ ಗೊತ್ತು.

ನೀರಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ಹೇಳಿಯೇಬಿಡುತ್ತೇನೆ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಪಿನಾಕಿನಿಯರಿಬ್ಬರು, ಪಾಲಾರ್, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ. ಒಂದೂ ಇಲ್ಲಿ ನಿಲ್ಲುವುದಿಲ್ಲ. ಓದಿದ ಮಕ್ಕಳ ಹಾಗೆ, ಹುಟ್ಟಿದ್ದು ಇಲ್ಲಿ, ಹೆಸರು ಮಾಡಿದ್ದು ಬೇರೆ ಕಡೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರಂಥ ಅಣೆಕಟ್ಟಿನ ಮಹಾನುಭಾವರಿಗೂ ತಮ್ಮೂರಲ್ಲಿ ಕಟ್ಟಲು ಒಂದು ತುಂಬುಹೊಳೆ ಸಿಗಲಿಲ್ಲ. ಹಾಗಾಗಿ ನಾವು ನೆಲ ಕೊರೆದೆವು. ಬೋರ್‌ವೆಲ್ಲು ಸಾವಿರದೈನೂರು ಅಡಿ ಇಳಿಯಿತು, ಸಿಕ್ಕ ನೀರಲ್ಲಿ ಫ್ಲೋರೈಡು. ಕೊನೆಗೆ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆ ಬಂದು, ಬೆಂಗಳೂರಿನವರು ಸ್ನಾನ ಮಾಡಿ ಬಚ್ಚಲಿಗೆ ಬಿಟ್ಟ ನೀರು ಎರಡು ಹಂತ ಶುದ್ಧವಾಗಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂತು. ನಾವು ಹಾಲು, ಹೂವು, ದ್ರಾಕ್ಷಿ, ಟೊಮೇಟೊ ಕಳಿಸುತ್ತೇವೆ, ಅವರು ಇದನ್ನು ಕಳಿಸುತ್ತಾರೆ. ಮೂರನೆಯ ಹಂತವೂ ಶುದ್ಧ ಮಾಡಿ ಕೊಡಿ ಎಂದು ರೈತರು ಕೇಳುತ್ತಲೇ ಇದ್ದಾರೆ. ನ್ಯಾಯವಾದ ಮಾತು. ಆದರೂ ವರ್ಷಗಟ್ಟಲೆ ಒಣಗಿದ್ದ ಕೆರೆಯ ಏರಿ ಮೇಲೆ ನಿಂತು ನೀರು ನೋಡಿದಾಗ, ಯಾರೋ ಗೊತ್ತಿಲ್ಲದವರ ಬಚ್ಚಲಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಮೂಗು ಮುಚ್ಚಿಕೊಂಡು ಅಲ್ಲ.

ಚಿಂತಾಮಣಿಯವರು ತಮ್ಮದು ವಾಣಿಜ್ಯ ನಗರ ಎನ್ನುತ್ತಾರೆ. ಚೇಳೂರು ಸರ್ಕಲ್ಲಿನಲ್ಲಿ ಟೊಮೇಟೊ ಕ್ರೇಟು ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡರೆ ಆ ವಾಣಿಜ್ಯ ನಿಧಾನವಾಗಿ ಅರ್ಥವಾಗುತ್ತದೆ. ರೇಟು ಬಿದ್ದ ವಾರ ಅದೇ ಟೊಮೇಟೊ ರಸ್ತೆ ಪಕ್ಕ ಸುರಿದಿರುತ್ತದೆ. ಅದರ ಬಗ್ಗೆ ತಮಾಷೆ ಮಾಡಲು ನನಗೆ ಬಾಯಿ ಬರುವುದಿಲ್ಲ.

ಋಣ ತೀರಿಸುವ ಮಾತಾಡುವಾಗ ನನಗೆ ಎಚ್. ನರಸಿಂಹಯ್ಯನವರ ನೆನಪಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಲಿಕ್ಕೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಹೋದವರು ಹಾಗೇ ಹೋಗಲಿಲ್ಲ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದದ್ದು ಅವರಿಂದ. ಹೊಗಳಿ ಕೂರುವ ಬದಲು ಊರಿಗೆ ಏನು ಕಡಿಮೆಯಿದೆ ಎಂದು ನೋಡಿದವರು. ಅಷ್ಟು ದೊಡ್ಡದು ನಮ್ಮ ಕೈಲಾಗದು. ನನ್ನ ಕೈಲಾಗುವುದು ಅರ್ಜಿ ಬರೆಯುವುದು. ಮೇಷ್ಟ್ರಾಗಿದ್ದವನ ಅಕ್ಷರ ದುಂಡಗಿದೆ ಎಂದು ಬೀದಿಯವರೆಲ್ಲ ಆ ಕೆಲಸವನ್ನು ನನಗೇ ಬಿಟ್ಟಿದ್ದಾರೆ.

ಈ ಸಲದ ಅರ್ಜಿ ಚರಂಡಿಯದು. ನೂಲು ಬಿಚ್ಚುವ ಫಿಲೇಚರಿನ ನೀರೂ ಮಳೆನೀರೂ ಒಂದಾಗಿ ಮೂಲೆಮನೆಯ ಮೆಟ್ಟಿಲು ಹತ್ತುತ್ತಿವೆ. ಸಹಿಗಳು ಕನ್ನಡದಲ್ಲಿ ಕೆಲವು, ಉರ್ದುವಿನಲ್ಲಿ ಕೆಲವು, ತೆಲುಗಿನಲ್ಲಿ ಎರಡು, ನಮ್ಮತ್ತೆಯದು ಹೆಬ್ಬೆಟ್ಟು. ವಾಸನೆ ನಿಲ್ಲಿಸಿ ಎಂದು ಯಾರೂ ಬರೆಸಲಿಲ್ಲ, ಚರಂಡಿಗೆ ಚಪ್ಪಡಿ ಹಾಕಿಸಿ ಎಂದಷ್ಟೇ. ಕೊನೆಗೆ ಸಹಿ ಹಾಕಿದ ಚಿಲ್ಲರೆ ಅಂಗಡಿಯವನು ಪೆನ್ನು ವಾಪಸು ಕೊಡದೆ, "ಸಾರ್, ಕೆಳಗೆ ಜಾಗ ಐತಲ್ಲ, ಬೀದಿದೀಪದ್ದೂ ಒಂದ್ಮಾತು ಸೇರಿಸಿಬಿಡಿ" ಅಂದ. ಸೇರಿಸಿದೆ.